‘ಒನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ಏನು?

ತೀರಾ ಅಪರೂಪಕ್ಕೆ ಅಂತ ಅರ್ಥ. ನಮ್ಮ ‘ಅಮಾವಾಸ್ಯೆಗೋ ಹುಣ್ಣಿಮೆಗೋ’ ಇದ್ದ ಹಾಗೆ, ಆದರೆ ಅದಕ್ಕಿಂತ ಜಾಸ್ತಿ ಅಪರೂಪ.

ಚಂದ್ರ ನೀಲಿ ಆಗಬೇಕಿಲ್ಲ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದನ್ನು ಬ್ಲೂ ಮೂನ್ ಅಂತಾರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ ಅಲ್ವಾ? ತಿಂಗಳಿಗೆ 30–31 ದಿನ ಇರುವುದರಿಂದ ಎರಡು-ಮೂರು ವರ್ಷಕ್ಕೊಮ್ಮೆ ಹೀಗಾಗುತ್ತದೆ. 2023ರ ಆಗಸ್ಟ್ ಕೊನೆಗೆ ಬಂದಿತ್ತು. ಮಲ್ಪೆ ಬೀಚಿನಲ್ಲಿ ನಿಂತು ನೋಡಿದ್ದೆ. ಮೋಡದ ಸಂದಿಯಲ್ಲಿ ಚಂದ್ರ ಎಂದಿನಂತೆ ಬೆಳ್ಳಗೇ ಇದ್ದ, ನೋಡಿದಷ್ಟೂ ಸಾಲದು ಅನ್ನಿಸಿತ್ತು.

ಬಳಸುವುದು ಹೇಗೆ? ದುಬೈಯಲ್ಲಿರುವ ಅಣ್ಣ ನಾಲ್ಕೈದು ವರ್ಷಕ್ಕೊಮ್ಮೆ ಊರಿನ ಭೂತಕೋಲಕ್ಕೆ ಬರುತ್ತಾನಲ್ಲ, ಅದಕ್ಕೆ ಈ ಮಾತು ಸರಿ. ವಾರ ವಾರ ತಿನ್ನುವ ಗೋಳಿಬಜೆಗೆ ಸುಮ್ನೆ ಬಳಸಬೇಡಿ.