ಸ್ಟಾಂಪು ಬಿಡಿಸಬೇಡಿ, ಬೆಲೆ ಆಮೇಲೆ ಮಾತಾಡೋಣ

ಮೇಡಂ, ಹಳೆ ಕಾರ್ಡು ಮಾರೋರು ಕೊಳ್ಳೋರ ಈ ಗುಂಪಿನಲ್ಲಿ ನಿಮ್ಮ ಪೋಸ್ಟ್ ಈಗ ನೋಡಿದೆ. ಅತ್ತೆಯ ಟ್ರಂಕಿನಲ್ಲಿ ಸಿಕ್ಕ ಪಿಕ್ಚರ್ ಪೋಸ್ಟ್‌ಕಾರ್ಡುಗಳು, "ನೂರು ವರ್ಷ ಹಳೇದು" ಅಂತ ಒಂದೊಂದಕ್ಕೂ 3,000 ರೂಪಾಯಿ. ಬೆಲೆ ಹಾಗಿರಲಿ. ಮೂರನೇ ಫೋಟೋದಲ್ಲಿ ಸ್ಟೀಲ್ ತಟ್ಟೆ ತುಂಬ ನೀರು, ಅದರಲ್ಲಿ ಎರಡು ಕಾರ್ಡು. ಸ್ಟಾಂಪು ಬಿಡಿಸಿ ಬೇರೆ ಮಾರೋಣ ಅಂತ ತಾನೇ? ದಯವಿಟ್ಟು ಇವತ್ತೇ ನಿಲ್ಲಿಸಿ. ಶುರುವಿನಲ್ಲಿ ನಾನೂ ಇದನ್ನೇ ಮಾಡಿದವನು, ಅದಕ್ಕೇ ಸುಮ್ನಿರೋಕೆ ಆಗಲಿಲ್ಲ.

ಏಳನೇ ಎಡ್ವರ್ಡ್ ರಾಜನ ತಲೆಯ ಆ ಕೆಂಪು ಒಂದಾಣೆ ಸ್ಟಾಂಪು ರಾಶಿ ರಾಶಿ ಸಿಗುತ್ತದೆ. ಬಿಡಿಸಿ ಮಾರಿದರೆ ಒಂದು ಕಾಫಿ ಕುಡಿಯೋ ದುಡ್ಡೂ ಬರೋದು ಕಷ್ಟ. ಅದೇ ಸ್ಟಾಂಪು ಕಾರ್ಡಿನ ಮೇಲೇ ಇದ್ದು, ಅಂಚೆ ಮುದ್ರೆಯಲ್ಲಿ ಊರು, ತಾರೀಖು ಓದೋ ಹಾಗಿದ್ದರೆ ಕಾರ್ಡಿನ ಬೆಲೆಯೇ ಏರುತ್ತದೆ. ಕಿತ್ತರೆ ಅರ್ಧ ಮುದ್ರೆ ಸ್ಟಾಂಪಿನ ಜೊತೆ ಹೋಗುತ್ತದೆ, ಉಳಿದರ್ಧ ಒಂದು ಬಿಳಿ ಚೌಕದ ಪಕ್ಕ ಉಳಿಯುತ್ತದೆ. ಎರಡೂ ಯಾರಿಗೂ ಬೇಡ. ನೀರಿಗೆ ಹಳೆ ಶಾಯಿ ಹರಡುತ್ತದೆ. ರಿಯಲ್ ಫೋಟೋ ಕಾರ್ಡಾದರೆ, ಅಂದರೆ ಅಚ್ಚು ಹಾಕದೆ ಫೋಟೋ ಕಾಗದದ ಮೇಲೇ ತೆಗೆದದ್ದಾದರೆ, ಮೇಲಿನ ಜೆಲಟಿನ್ ಪದರವೇ ಮೆತ್ತಗಾಗಿ ಏಳುತ್ತದೆ. ಈಗಾಗಲೇ ನೆಂದಿರೋದನ್ನು ಬ್ಲಾಟಿಂಗ್ ಪೇಪರ್ ಮೇಲೆ, ಚಿತ್ರ ಮೇಲೆ ಬರೋ ಹಾಗೆ, ಫ್ಯಾನ್ ಇಲ್ಲದ ಕಡೆ ಬಿಡಿ. ಪೂರ್ತಿ ಒಣಗಿದ ಮೇಲೆ ಪುಸ್ತಕದ ಭಾರ ಇಡಿ. ಇಸ್ತ್ರಿ ಪೆಟ್ಟಿಗೆ ಇಡಿ ಅಂತ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಸಲಹೆ ಕೊಟ್ಟಿದ್ದಾರೆ. ಅವರ ಮಾತು ಕೇಳಬೇಡಿ.

ಇನ್ನು ಬೆಲೆ. ಹಳೇದು ಅನ್ನೋದಕ್ಕೆ ಯಾರೂ ದುಡ್ಡು ಕೊಡೋದಿಲ್ಲ ಮೇಡಂ. ಕಾಲಾಣೆ ಸ್ಟಾಂಪು ಮೇಲೇ ಅಚ್ಚಾಗಿರೋ ಸರ್ಕಾರಿ ಕಾರ್ಡು 1879ರಿಂದಲೇ ಇದೆ. ವಿಕ್ಟೋರಿಯಾ ಕಾಲದ ಅಂಥ ಸಾದಾ ಕಾರ್ಡು ಇವತ್ತಿಗೂ ಕರ್ನಾಪೆಕ್ಸ್ ಥರದ ಅಂಚೆಚೀಟಿ ಪ್ರದರ್ಶನದ ಸ್ಟಾಲುಗಳಲ್ಲಿ ಡಬ್ಬದಲ್ಲಿ ಬಿದ್ದಿರುತ್ತದೆ. ನಿಮ್ಮ ಮೈಸೂರು ಅರಮನೆ, ಲಾಲ್‌ಬಾಗ್ ಗಾಜಿನ ಮನೆ, ಗೋಲ್ ಗುಂಬಜ್ ಕಾರ್ಡುಗಳ ಕಥೆಯೂ ಅಷ್ಟೇ. ಹಿಗ್ಗಿನ್‌ಬಾಥಮ್ಸ್, ಕ್ಲಿಫ್ಟನ್, ರಾಫೆಲ್ ಟಕ್ ಇವರೆಲ್ಲ ಹೇರಳವಾಗಿ ಅಚ್ಚು ಹಾಕಿದ ಮಾಲು. ಬಂದ ಸೋಲ್ಜರು, ಪ್ರವಾಸಿಗಳೆಲ್ಲ ಕೊಂಡು ಊರಿಗೆ ಕಳಿಸಿದರು, ಅಲ್ಲಿಯವರು ಆಲ್ಬಮ್ಮಿನಲ್ಲಿ ಜೋಪಾನ ಮಾಡಿದರು. ಟಕ್‌ನ ಆಯಿಲೆಟ್ ಅನ್ನೋ, ತೈಲಚಿತ್ರದ ಹಾಗೆ ಕಾಣೋ ಬಣ್ಣದ ಕಾರ್ಡು ನೋಡೋಕೆ ಚೆಂದ, ನಿಜ. ನನ್ನ ಪ್ರಕಾರ ಅತಿಯಾಗಿ ಹೊಗಳಿಸಿಕೊಂಡಿರೋದೂ ಅದೇ. ಇಂಥವನ್ನೆಲ್ಲ ನಾನು 200-300ಕ್ಕೆ ಹಾಕುತ್ತೇನೆ, ಹೋದರೆ ಸಂತೋಷ.

ಅಂದ ಹಾಗೆ ಆ ಅರಮನೆ ಕಾರ್ಡಿಗೆ "1890" ಅಂತ ಬರೆದಿದ್ದೀರಿ, ತೆಗೆಯಿರಿ. ಹಳೆ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ನಿಮ್ಮ ಕಾರ್ಡಲ್ಲಿರೋ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಯೋಜನೆಯ ಅರಮನೆ ಮುಗಿದದ್ದು 1912ಕ್ಕೆ. ಕಬ್ಬನ್ ಪಾರ್ಕಿನ ವಿಕ್ಟೋರಿಯಾ ಪ್ರತಿಮೆ ಕಂಡರೆ 1906ಕ್ಕಿಂತ ಹಿಂದಿನದಲ್ಲ. ಹಿಂಬದಿಯಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ ಬರಹಕ್ಕೆ, ಇನ್ನೊಂದು ಕಡೆ ವಿಳಾಸಕ್ಕೆ ಜಾಗ ಬಿಡೋದು ಬ್ರಿಟನ್ನಿನಲ್ಲಿ ಶುರುವಾದದ್ದು 1902ರಲ್ಲಿ, ಅಂಥ ಗೆರೆ ಇದ್ದರೆ ಕಾರ್ಡು ಅದಕ್ಕಿಂತ ಹಿಂದಿನದಲ್ಲ. ಸುಳ್ಳು ಇಸವಿ ಹಾಕಿದರೆ ಗೊತ್ತಿರೋ ಗಿರಾಕಿ ನಿಮ್ಮ ಉಳಿದ ಕಾರ್ಡನ್ನೂ ನೋಡದೆ ಮುಂದೆ ಹೋಗುತ್ತಾನೆ.

ಆದರೆ ಐದನೇ ಫೋಟೋ! ಅಡಿಯಲ್ಲಿ ಊರ್ಗಾಂ ಅಂತ ಅಚ್ಚಾಗಿದೆ, ಅಲ್ವಾ? ಅದು ಕೆಜಿಎಫ್. ಅದನ್ನೂ ಅರಮನೆಯ ಸಾಲಿಗೇ ಸೇರಿಸಿಬಿಟ್ಟಿದ್ದೀರಿ. ನಾನು ಬೆಲೆ ಕಟ್ಟೋಕೆ ಮುಂಚೆ ಕೇಳಿಕೊಳ್ಳೋದು ಒಂದೇ ಪ್ರಶ್ನೆ: ಇದನ್ನು ಹುಡುಕುತ್ತಿರೋರು ಯಾರು? ಅರಮನೆಯನ್ನು ಹುಡುಕೋರು ಬಹಳ, ಸಿಗೋದು ಅದಕ್ಕಿಂತ ಬಹಳ. ಚಿನ್ನದ ಗಣಿಯ ಕಾರ್ಡು ಸಿಗೋದೇ ಕಡಿಮೆ, ಹುಡುಕೋರು ಪಟ್ಟು ಬಿಡದವರು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸದವರನ್ನು ಕರೆತಂದಿತ್ತು, ಅವರ ಮೊಮ್ಮಕ್ಕಳು ಮರಿಮಕ್ಕಳು ಇದ್ದಾರೆ. ಅಲ್ಲೇ ಹುಟ್ಟಿ ಬೆಳೆದ ಆಂಗ್ಲೋ ಇಂಡಿಯನ್ ಕುಟುಂಬಗಳಿವೆ, ತಮಿಳು ಕುಟುಂಬಗಳಿವೆ. ಗಣಿ ಮುಚ್ಚಿದ ಮೇಲೆ ಊರಿನ ನೆನಪಿಗೆ ಅವರಿಗೆ ಇಂಥ ಕಾರ್ಡು ಬೇಕು.

ನನ್ನ ಹತ್ತಿರ ಕೆಜಿಎಫ್‌ನದೇ ಇನ್ನೊಂದು ಗಣಿ, ಚಾಂಪಿಯನ್ ರೀಫ್‌ನ ಒಂದು ಕಾರ್ಡಿತ್ತು. ಗಣಿಗೆ ಇಳಿಯೋ ಶಾಫ್ಟಿನ ಮೇಲಿನ ಗಾಲಿ, ಕೆಳಗೆ ತಲೆಗೆ ಬಟ್ಟೆ ಸುತ್ತಿದ ಆಳುಗಳು, ಮೂಲೆ ಒಂದು ಮುಕ್ಕು. "ಹಳೆ ಗಣಿ, ಮೈಸೂರು" ಅಂತ ಹಾಕಿದ್ದಾಗ ತಿಂಗಳುಗಟ್ಟಲೆ ಯಾರೂ ಮುಟ್ಟಲಿಲ್ಲ. ಆಮೇಲೆ ತೆಗೆದು, ಗಣಿಯ ಹೆಸರು, ಕೋಲಾರ್ ಗೋಲ್ಡ್ ಫೀಲ್ಡ್ಸ್, ಪ್ರಕಾಶಕರ ಹೆಸರು, ಹಿಂಬದಿಯ ಮುದ್ರೆಯ ತಾರೀಖು ಎಲ್ಲ ಹಾಕಿ, ಹಿಂಬದಿಯ ಸ್ಕ್ಯಾನನ್ನೂ ಸೇರಿಸಿದೆ. "ಇಲ್ಲಿ ಸೆಕೆ ತಡೆಯೋಕಾಗಲ್ಲ, ಅಮ್ಮನಿಗೆ ಹೇಳು" ಅನ್ನೋ ಅರ್ಥದ ಎರಡು ಸಾಲು ಇತ್ತು, ಅದನ್ನೂ ಟೈಪ್ ಮಾಡಿದೆ. ಬೆಂಗಳೂರಿನವರೊಬ್ಬರು, ಚೆನ್ನೈನವರೊಬ್ಬರು ಕಾಮೆಂಟಿನಲ್ಲೇ ಹರಾಜಿಗೆ ಬಿದ್ದರು. ನಾನು ಕೇಳಿದ್ದ ಬೆಲೆ ಎಲ್ಲೋ ಹಿಂದೆ ಉಳಿಯಿತು. ಕಾರ್ಡು ಅದೇ, ಮುಕ್ಕೂ ಅದೇ.

ಹಾಗಾಗಿ ಊರು ಚಿಕ್ಕದಾದಷ್ಟೂ ನಿಲ್ಲಿಸಿ ನೋಡಿ. ತುಮಕೂರಿನ ಸಂತೆ, ಬೀರೂರಿನ ರೈಲ್ವೆ ಸ್ಟೇಷನ್ನು, ಮಂಗಳೂರಿನ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಇಂಥವು ಬಂದರೆ ಅವಸರ ಬೇಡ. ಚಿತ್ರವೇ ಇಲ್ಲದ ಮಂಕು ಕಾರ್ಡನ್ನೂ ಎಸೆಯಬೇಡಿ. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನಲ್ಲಿ ಇಟಲಿಯ ಯುದ್ಧಕೈದಿಗಳಿದ್ದರು. ಬಳ್ಳಾರಿಯಲ್ಲಿ ಅದಕ್ಕೂ ಮುಂಚೆ, ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಸೆರೆಸಿಕ್ಕ ಬೋಯರ್ ಕೈದಿಗಳಿದ್ದರು. ಅವರು ಬರೆದ ಕಾರ್ಡಿನಲ್ಲಿ ಕ್ಯಾಂಪಿನ ಹೆಸರೋ ಸೆನ್ಸಾರ್ ಮುದ್ರೆಯೋ ಇದ್ದರೆ ಅದಕ್ಕೆ ಅಂಚೆ ಇತಿಹಾಸದ ಸಂಗ್ರಹಕಾರರು ಬೇರೆಯೇ ಲೆಕ್ಕ ಹಾಕುತ್ತಾರೆ.

ಬೆಲೆ ನೋಡೋದು ಈಬೇ, ಡೆಲ್‌ಕ್ಯಾಂಪ್ ಅನ್ನೋ ಮಾರಾಟದ ವೆಬ್‌ಸೈಟುಗಳಲ್ಲಿ. ಈಬೇ ಇಂಡಿಯಾ 2018ರಲ್ಲೇ ಮುಚ್ಚಿತು, ಅಮೆರಿಕದ್ದೋ ಬ್ರಿಟನ್ನಿನದೋ ತೆರೆಯಿರಿ. ಮಾರಾಟಕ್ಕಿಟ್ಟ ಬೆಲೆ ನೋಡಿ ಮೋಸಹೋಗಬೇಡಿ, ಅದು ಮಾರೋನ ಆಸೆ ಅಷ್ಟೇ. 'ಸೋಲ್ಡ್' ಅನ್ನೋ ಫಿಲ್ಟರ್ ಒತ್ತಿ, ಅದೇ ಪ್ರಕಾಶಕ, ಅದೇ ಕಾರ್ಡ್ ನಂಬರು ಹುಡುಕಿ. ಹುಡುಕುವಾಗ ಹಳೆ ಸ್ಪೆಲಿಂಗೇ ಹಾಕಿ: ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಂ, ಮಡಿಕೇರಿಗೆ ಮರ್ಕರಾ, ಗೇರುಸೊಪ್ಪೆಗೆ ಗೆರ್ಸೊಪ್ಪಾ. ನಿಮ್ಮ ಪೋಸ್ಟಿನಲ್ಲೂ ಎರಡೂ ಬಗೆ ಇರಲಿ.

ಅಲ್ಲೇ ಹೊರದೇಶದವರಿಗೆ ಮಾರೋಣ ಅಂತ ಕೈ ತುರಿಸುತ್ತದೆ. ತಡೆಯಿರಿ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಚಾರಿತ್ರಿಕ ಆಸಕ್ತಿಯ ವಸ್ತುವಿಗೆ 100 ವರ್ಷ, ಮಹತ್ವದ ಹಸ್ತಪ್ರತಿ, ದಾಖಲೆಗೆ 75 ವರ್ಷದ ಮಿತಿ ಇದೆ. ಆ ಲೆಕ್ಕಕ್ಕೆ ಬಿದ್ದದ್ದನ್ನು ಖಾಸಗಿಯವರು ಹೊರಗೆ ಕಳಿಸುವಂತಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯವರನ್ನು ಕೇಳದೆ ಕಳಿಸಬೇಡಿ. "ಯಾರು ನೋಡ್ತಾರೆ" ಅನ್ನೋರು ಈ ಗುಂಪಿನಲ್ಲೂ ಇದ್ದಾರೆ, ನಾನಂತೂ ದೇಶದೊಳಗೇ ಮಾರೋದು.

ಸ್ಕ್ಯಾನಿಗೆ ಮೊಬೈಲ್ ಫೋಟೋ ಸಾಲದು, ಟ್ಯೂಬ್‌ಲೈಟ್ ಹೊಳಪು ಬಂದಿದೆ ನೋಡಿ. ಕ್ಯಾನನ್ ಲೈಡ್ ಸ್ಕ್ಯಾನರ್ ಅಗ್ಗ, ಆದರೆ ಸ್ವಲ್ಪ ಬಾಗಿದ ಕಾರ್ಡು ಅದರಲ್ಲಿ ಮಸುಕಾಗುತ್ತದೆ. ನನ್ನದು ಹಳೆ ಎಪ್ಸನ್ ವಿ600, ಬಾಗಿದ್ದೂ ಚೆನ್ನಾಗಿ ಬರುತ್ತದೆ. 600 ಡಿಪಿಐನಲ್ಲಿ ತೆಗೆದು ನೀವು ಇಟ್ಟುಕೊಳ್ಳಿ, ಗುಂಪಿಗೆ ಚಿಕ್ಕದು ಮಾಡಿ ಹಾಕಿ. ಇಲ್ಲದಿದ್ದರೆ ನಿಮ್ಮ ಸ್ಕ್ಯಾನಿನಿಂದಲೇ ಯಾರೋ ನಕಲಿ ಕಾರ್ಡು ಅಚ್ಚು ಹಾಕುತ್ತಾರೆ. ನೀವು ಕೊಳ್ಳುವಾಗಲೂ ಯುವಿ ಟಾರ್ಚ್ ಹಿಡಿಯಿರಿ. ಬಿಳಿನೀಲಿಯಾಗಿ ಹೊಳೆದರೆ ಅದು ಹೊಸ ಕಾಲದ ಕಾಗದ. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಭೂತಗನ್ನಡಿಯಲ್ಲೂ ನೋಡಿ. ಚುಕ್ಕಿ ಚುಕ್ಕಿ ಕಂಡರೆ ಅಚ್ಚಿನದು, ರಿಯಲ್ ಫೋಟೋ ಬೆಲೆ ಕೊಡಬೇಡಿ. ಪಿವಿಸಿ ಕವರು ಬೇಡವೇ ಬೇಡ, ವರ್ಷ ಕಳೆದಂತೆ ಅಂಟುತ್ತದೆ. ಪಾಲಿಪ್ರೊಪಿಲೀನ್ ಕೇಳಿ ತೆಗೆದುಕೊಳ್ಳಿ. ಲ್ಯಾಮಿನೇಟ್ ಮಾಡಿಸಿದಿರೋ, ನಾನು ಈ ಗುಂಪೇ ಬಿಡುತ್ತೇನೆ.

ಇಷ್ಟು ಹೊತ್ತಿಗೆ ನಿಮ್ಮ ಇನ್‌ಬಾಕ್ಸಿಗೆ "ಎಲ್ಲಾ ಒಟ್ಟಿಗೆ ಎಷ್ಟು?" ಅಂತ ಬಂದಿರುತ್ತದೆ. ಡೀಲರುಗಳು ಲಾಟಿನಲ್ಲಿ ಕೆನೆ ತೆಗೆದುಕೊಂಡು ಮಜ್ಜಿಗೆ ಸುರಿಯೋರು. ಊರ್ಗಾಂ ಥರದ್ದನ್ನು ಬೇರೆ ಮಾಡಿ ಒಂದೊಂದಾಗಿ ಹರಾಜಿಗೆ ಹಾಕಿ. ಅರಮನೆ, ಗುಂಬಜ್ ಹತ್ತು ಹತ್ತರ ಲಾಟ್ ಮಾಡಿ ಅವರಿಗೇ ಕೊಡಿ. ಕಳಿಸುವಾಗ ಎರಡು ರಟ್ಟಿನ ನಡುವೆ ಇಟ್ಟು, ಟೇಪ್ ಕಾರ್ಡಿಗೆ ತಾಗದ ಹಾಗೆ ಸುತ್ತಿ, ಸ್ಪೀಡ್ ಪೋಸ್ಟ್ ಮಾಡಿ. ಯುಪಿಐ ಹಣ ಬಂತು ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ಸಾಲದು. ಬ್ಯಾಂಕ್ ಆ್ಯಪ್ ತೆರೆದು ನೋಡಿದ ಮೇಲೇ ಅಂಚೆ ಕಚೇರಿಗೆ ಹೋಗಿ.