ದಡ ಮೊದಲು, ರೂಂ ಆಮೇಲೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೆನೆವಿಕ್, ಪ್ಯಾಸ್ಕೊ, ರಿಚ್‌ಲ್ಯಾಂಡ್ ಎಂಬ ಮೂರು ಊರುಗಳು ಒತ್ತಿಕೊಂಡಿರುವ ಜಾಗಕ್ಕೆ ಟ್ರೈ-ಸಿಟೀಸ್ ಅನ್ನುತ್ತಾರೆ. ಅಲ್ಲಿನ ಕೊಲಂಬಿಯಾ ನದಿಯಲ್ಲಿ ದೊಡ್ಡ ಹೈಡ್ರೋಪ್ಲೇನ್ ಬೋಟುಗಳ (ನೀರನ್ನು ಸವರಿಕೊಂಡು ಓಡುವ ಅತಿವೇಗದ ಬೋಟುಗಳು) ರೇಸ್ ಶುರುವಾದದ್ದು 1966ರಲ್ಲಿ. ಈಗ ಕೊಲಂಬಿಯಾ ಕಪ್ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಜುಲೈ ಕೊನೆಯ ವಾರಾಂತ್ಯ ನಡೆಯುತ್ತದೆ. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯ ಓದುಗರ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾವಿಬ್ಬರು, ಜೊತೆಗೆ 9 ಮತ್ತು 6 ವರ್ಷದ ಮಕ್ಕಳು. ಶುಕ್ರವಾರ ಹೊರಟು ಭಾನುವಾರ ವಾಪಸಾಗುವ ಯೋಚನೆ. ಮೂರು ಊರುಗಳಲ್ಲಿ ರೂಂ ಎಲ್ಲಿ ಮಾಡಿದರೆ ಅನುಕೂಲ? – ರೆಡ್ಮಂಡ್‌ನ ಓದುಗರು

ಉತ್ತರ: ಯಾವ ದಡದಲ್ಲಿ ಕೂತು ನೋಡುತ್ತೀರಿ ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ರೇಸ್ ನಡೆಯುವ ಕಡೆ ನದಿಯ ದಕ್ಷಿಣ ದಡ ಕೆನೆವಿಕ್‌ನದು. ಅಲ್ಲಿ ಕೊಲಂಬಿಯಾ ಪಾರ್ಕ್ ಇದೆ. ಎದುರಿನ ಉತ್ತರ ದಡ ಪ್ಯಾಸ್ಕೊದ್ದು. ಅಲ್ಲಿ ವೇಡ್ ಪಾರ್ಕ್. ಕಾರಿನಲ್ಲಿ ಆಚೆ ಈಚೆ ದಾಟಲು ಊರಿನ ಹತ್ತಿರ ಇರುವುದು ಮೂರೇ ದಾರಿ: 395ನೇ ಹೆದ್ದಾರಿಯ ನೀಲಿ ಸೇತುವೆ, ನದಿ ಹರಿಯುವ ಕಡೆಗೆ ಅದರ ಮುಂದಿನ ಕೇಬಲ್ ಸೇತುವೆ, ಹರಿವಿನ ಮೇಲ್ಭಾಗದಲ್ಲಿ ರಿಚ್‌ಲ್ಯಾಂಡ್ ಪಕ್ಕದ 182ನೇ ಹೆದ್ದಾರಿಯ ಸೇತುವೆ. ಬೆಳಗ್ಗೆ ಜನ ಒಬ್ಬೊಬ್ಬರಾಗಿ ಬರುತ್ತಾರೆ, ಅಷ್ಟು ತೊಂದರೆಯಿಲ್ಲ. ಸಂಜೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಆಗ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಸೇತುವೆಯ ಸಾಲಿನಲ್ಲಿ ನಿಂತರೆ ದಿನದ ಸಂತೋಷವೆಲ್ಲ ಅಲ್ಲೇ ಕರಗಿಹೋಗುತ್ತದೆ.

ನಮ್ಮ ಆಯ್ಕೆ ಕೆನೆವಿಕ್ ದಡ. ಕಾರಣವನ್ನು ಕೆಳಗಿನ ಉತ್ತರಗಳಲ್ಲಿ ಹೇಳಿದ್ದೇವೆ. ಹಾಗಾದರೆ ರೂಂ ಕೂಡ ಕೆನೆವಿಕ್ ಅಥವಾ ರಿಚ್‌ಲ್ಯಾಂಡ್‌ನಲ್ಲೇ ಇರಲಿ. ಎರಡೂ ನದಿಯ ಒಂದೇ ಮಗ್ಗುಲಲ್ಲಿವೆ. 240ನೇ ಹೆದ್ದಾರಿ ಹಿಡಿದರೆ ಕೊಲಂಬಿಯಾ ದಾಟುವ ಪ್ರಮೇಯವೇ ಬರುವುದಿಲ್ಲ. ಕೆನೆವಿಕ್‌ನಲ್ಲಿ ಕೊಲಂಬಿಯಾ ಸೆಂಟರ್ ಮಾಲ್ ಸುತ್ತಮುತ್ತ ಹೋಟೆಲುಗಳು ಹೆಚ್ಚು. ರಿಚ್‌ಲ್ಯಾಂಡ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವೇ ಉದ್ದಕ್ಕೂ ನದಿ ಬದಿಯಲ್ಲಿ ಒಳ್ಳೆಯ ಜಾಗಗಳಿವೆ, ಸಂಜೆ ಮಕ್ಕಳನ್ನು ಓಡಾಡಿಸಲು ದಡದ ಕಾಲುದಾರಿಯೂ ಇದೆ.

ಇಲ್ಲಿ ಸಿಗದಿದ್ದರೆ ಪ್ರಾಸರ್ ನೋಡಿ. ಸುಮಾರು 30 ಮೈಲಿ ದೂರ, ಸಿಯಾಟಲ್‌ಗೆ ವಾಪಸು ಹೋಗುವ ದಾರಿಯಲ್ಲೇ ಇರುವುದರಿಂದ ಕೊನೆಯ ದಿನದ ಪ್ರಯಾಣವೂ ಅಷ್ಟು ಕಡಿಮೆಯಾಗುತ್ತದೆ. ದಕ್ಷಿಣಕ್ಕೆ ಆರೆಗನ್‌ನ ಹರ್ಮಿಸ್ಟನ್ ಕೂಡ ಹೆಚ್ಚುಕಮ್ಮಿ ಅಷ್ಟೇ ದೂರ. ವಾಲಾ ವಾಲಾ 50 ಮೈಲಿ. ಆ ರಸ್ತೆ ಪ್ಯಾಸ್ಕೊ ಕಡೆ ಬಂದು ಸೇರುತ್ತದೆ, ಆದ್ದರಿಂದ ಪ್ಯಾಸ್ಕೊ ದಡದಲ್ಲಿ ಕೂರುವವರಿಗೆ ಮಾತ್ರ ಸರಿ. ಯಾಕಿಮಾ 80 ಮೈಲಿ. ದಿನವೂ ಹೋಗಿಬರಲು ಅದು ದೂರವಾಯಿತು, ಬೇರೆಲ್ಲೂ ಸಿಗದಿದ್ದರೆ ಮಾತ್ರ ನೋಡಿ.

ಬುಕ್ಕಿಂಗ್ ಫೆಬ್ರವರಿ–ಮಾರ್ಚ್‌ನಲ್ಲೇ ಆಗಲಿ. ಹೋಟೆಲಿನ ಸ್ವಂತ ಸೈಟಿನಲ್ಲಿ, ಹಣ ವಾಪಸ್ ಬರುವ ದರದಲ್ಲೇ ಮಾಡಿ. ಹತ್ತಿಪ್ಪತ್ತು ಡಾಲರ್ ಉಳಿಯುತ್ತದೆಂದು ಕ್ಯಾನ್ಸಲ್ ಮಾಡಲಾಗದ ದರ ಹಿಡಿದರೆ, ನಡುವೆ ಮಗುವಿಗೆ ಜ್ವರ ಬಂದರೂ ಪೂರ್ತಿ ಹಣ ಹೋಗುತ್ತದೆ. ಮಧ್ಯವರ್ತಿ ಸೈಟುಗಳಲ್ಲಿ ಮಾಡಿದ ಬುಕ್ಕಿಂಗ್‌ನಲ್ಲಿ ತಾರೀಖು ಬದಲಿಸಬೇಕಾದರೆ ಹೋಟೆಲಿನವರು 'ಅವರನ್ನೇ ಕೇಳಿ' ಅಂದುಬಿಡುತ್ತಾರೆ. ಉಚಿತವಾಗಿ ಕ್ಯಾನ್ಸಲ್ ಮಾಡಲು ಕೊನೆಯ ತಾರೀಖು ಯಾವುದೆಂದು ಓದಿ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ. ರೇಸ್ ವಾರಾಂತ್ಯಕ್ಕೆ ಅದು ಮಾಮೂಲಿಗಿಂತ ಎಷ್ಟೋ ದಿನ ಮುಂಚೆ ಇರಬಹುದು. ಎರಡು ಮಂಚ, ಫ್ರಿಜ್, ಮೈಕ್ರೋವೇವ್ ಇವೆಯೇ ಎಂದು ಕೇಳಿ. ಪಶ್ಚಿಮಕ್ಕೆ ಕಿಟಕಿಯಿಲ್ಲದ ರೂಂ ಬೇಕೆಂದೂ ಹೇಳಿ. ಅಲ್ಲಿ ರಾತ್ರಿ ಎಂಟೂವರೆವರೆಗೆ ಬಿಸಿಲಿರುತ್ತದೆ, ಪಶ್ಚಿಮದ ರೂಂ ತಣ್ಣಗಾಗುವ ಹೊತ್ತಿಗೆ ಮಲಗುವ ಸಮಯ ಮೀರಿರುತ್ತದೆ.

ಪ್ರಶ್ನೆ: ಒಂದೇ ರಾತ್ರಿ ಉಳಿಯಲು ಸಾಧ್ಯ. ಶನಿವಾರವೋ ಭಾನುವಾರವೋ? ಭಾನುವಾರ ರೇಸ್ ಮುಗಿಸಿ ಅವತ್ತೇ ಮನೆಗೆ ಬರಬಹುದೇ? – ಬಾಥೆಲ್‌ನ ಓದುಗರು

ಉತ್ತರ: ಶನಿವಾರ ನಸುಕಿನಲ್ಲೇ ಹೊರಟುಬಿಡಿ. ಸಿಯಾಟಲ್‌ನಿಂದ ಸುಮಾರು 220 ಮೈಲಿ: ಸ್ನೋಕ್ವಾಲ್ಮಿ ಕಣಿವೆ ದಾಟಿ ಎಲೆನ್ಸ್‌ಬರ್ಗ್, ಅಲ್ಲಿಂದ 82ನೇ ಹೆದ್ದಾರಿ. ನಿಲ್ಲದೆ ಬಂದರೂ ಮೂರೂವರೆ ಗಂಟೆ. ಶನಿವಾರ ಹೀಟ್‌ಗಳನ್ನು, ಅಂದರೆ ಫೈನಲ್‌ಗೆ ಮುಂಚಿನ ಒಂದೊಂದು ಓಟವನ್ನು ನೋಡಿ, ರಾತ್ರಿ ಉಳಿದು, ಭಾನುವಾರ ಫೈನಲ್ ನೋಡಿ.

ಒಂದು ಮಾತು ಮೊದಲೇ ತಿಳಿದಿರಲಿ, ಇಲ್ಲವಾದರೆ ಮಕ್ಕಳಿಗೆ ಬೇಸರವಾಗುತ್ತದೆ. ಕೋರ್ಸ್ 2.5 ಮೈಲಿ, ಅಂದರೆ 4 ಕಿ.ಮೀ. ಗಂಟೆಗೆ ಸರಾಸರಿ 150 ಮೈಲಿ ವೇಗದಲ್ಲಿ ಒಂದು ಸುತ್ತಿಗೆ ಸರಿಯಾಗಿ ಒಂದು ನಿಮಿಷ. ಮೂರು ಸುತ್ತಿನ ಒಂದು ಹೀಟ್ ಮೂರು ನಿಮಿಷದೊಳಗೆ ಮುಗಿದೇಹೋಗುತ್ತದೆ! ಆಮೇಲೆ ಮುಂದಿನ ಹೀಟ್‌ವರೆಗೆ ಕಾಯಬೇಕು. ನಡುವೆ ಸಣ್ಣ ಬೋಟುಗಳ ರೇಸ್, ವಿಮಾನ ಪ್ರದರ್ಶನ ಇರುತ್ತವೆ. ಆದರೂ ಇಸ್ಪೀಟು, ಬಣ್ಣದ ಪೆನ್ಸಿಲು ಏನಾದರೂ ಚೀಲದಲ್ಲಿರಲಿ.

ಹೀಟ್ ಸಮಯಗಳನ್ನು ಗಟ್ಟಿ ಎಂದುಕೊಳ್ಳಬೇಡಿ. ಗಾಳಿ ಎದ್ದರೆ ರೇಸ್ ನಿಲ್ಲಿಸುತ್ತಾರೆ. ಈ ಬೋಟುಗಳು ನೀರಿನ ಮೇಲೆ ತೇಲುವುದಕ್ಕಿಂತ ತಮ್ಮ ಕೆಳಗೆ ಸೇರಿಕೊಂಡ ಗಾಳಿಯ ಮೇಲೆ ಓಡುವುದೇ ಹೆಚ್ಚು. ಮೂತಿ ಒಂದಿಷ್ಟು ಜಾಸ್ತಿ ಎದ್ದರೆ ಇಡೀ ಬೋಟು ಹಿಮ್ಮುಖವಾಗಿ ಪಲ್ಟಿ ಹೊಡೆಯುತ್ತದೆ. ಹಾಗಾಗಿ ಕಾಯುವುದು ಅಲ್ಲಿ ಅನಿವಾರ್ಯ. ಪ್ಯಾಸ್ಕೊ ವಿಮಾನ ನಿಲ್ದಾಣದಿಂದ ಭಾನುವಾರ ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿಸುವವರು ಇದನ್ನು ಗಮನಿಸಬೇಕು.

ಅವತ್ತೇ ವಾಪಸಾಗಬಹುದು, ಆದರೆ ಫೈನಲ್ ಮುಗಿದ ಕೂಡಲೇ ಬೇಡ. ಕೊಲಂಬಿಯಾ ಪಾರ್ಕ್ ಒಂದು ಕಡೆ ನದಿ, ಇನ್ನೊಂದು ಕಡೆ 240ನೇ ಹೆದ್ದಾರಿ ನಡುವೆ ಸಿಕ್ಕಿಕೊಂಡ ಉದ್ದನೆಯ ಪಟ್ಟಿ. ಹೊರಬರುವ ದಾರಿಗಳು ಬೆರಳೆಣಿಕೆಯಷ್ಟು. ಇನ್ನೊಂದು ಕಾರಣ ಬಿಸಿಲು. 82ನೇ ಹೆದ್ದಾರಿ ಪ್ರಾಸರ್‌ನಿಂದ ಯಾಕಿಮಾವರೆಗೆ ವಾಯವ್ಯಕ್ಕೆ ಹೋಗುತ್ತದೆ, ಜುಲೈ ಕೊನೆಯಲ್ಲಿ ಸೂರ್ಯ ಮುಳುಗುವುದೂ ಅದೇ ದಿಕ್ಕಿನಲ್ಲಿ. ಏಳರಿಂದ ಎಂಟೂವರೆವರೆಗೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ, ದಿನವೆಲ್ಲ ಬಿಸಿಲಲ್ಲಿ ಕೂತು ಸುಸ್ತಾದ ಕಣ್ಣಿಗೆ. ಊಟ ಮುಗಿಸಿ ಸೂರ್ಯ ಮುಳುಗಿದ ಮೇಲೆ ಹೊರಡಿ. ಒಬ್ಬರೇ ಓಡಿಸುವುದಾದರೆ ಭಾನುವಾರ ರಾತ್ರಿಯೂ ಉಳಿದು ಸೋಮವಾರ ಬೆಳಗ್ಗೆ ಹೊರಡುವುದೇ ಕ್ಷೇಮ.

ಪ್ರಶ್ನೆ: ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಇಬ್ಬರಿಗೂ 70 ದಾಟಿದೆ. ಕರೆದುಕೊಂಡು ಹೋಗಬಹುದೇ? ಊಟಕ್ಕೇನು ಮಾಡುವುದು? – ಬೆಲ್‌ವ್ಯೂದ ಓದುಗರು

ಉತ್ತರ: ಖಂಡಿತ ಕರೆದುಕೊಂಡು ಹೋಗಿ, ಆದರೆ ನೆರಳಿನ ಏರ್ಪಾಡು ಮಾಡಿಕೊಂಡು. ಸಿಯಾಟಲ್‌ನ ಬೇಸಿಗೆಗೂ ಇಲ್ಲಿಯದಕ್ಕೂ ಹೋಲಿಕೆಯಿಲ್ಲ. ಜುಲೈ ಕೊನೆಯಲ್ಲಿ 38 ಡಿಗ್ರಿ ಮುಟ್ಟುವ ದಿನಗಳು ಅಪರೂಪವಲ್ಲ. ಒಣ ಹವೆಯಾದ್ದರಿಂದ ಬೆವರು ಕಾಣಿಸುವುದಿಲ್ಲ, ಮೈಸೂರಿನವರಿಗೆ ಸೆಕೆ ಅಂತಲೂ ಅನ್ನಿಸುವುದಿಲ್ಲ. ಅಪಾಯ ಇರುವುದೇ ಅಲ್ಲಿ: ಬಾಯಾರುವ ಮೊದಲೇ ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ. ತಲೆಗೆ ದಿನಕ್ಕೆ 3ರಿಂದ 4 ಲೀಟರ್ ನೀರು ಒಯ್ಯಿರಿ. ಹಿರಿಯರಿಗೆ ಅರ್ಧ ಗಂಟೆಗೊಮ್ಮೆ ನೀವೇ ಲೋಟಕ್ಕೆ ಬಗ್ಗಿಸಿ ಕೊಡಿ. ಹೃದಯಕ್ಕೋ ಮೂತ್ರಪಿಂಡಕ್ಕೋ ಔಷಧಿ ತೆಗೆದುಕೊಳ್ಳುವವರಾದರೆ ನೀರಿನ ಪ್ರಮಾಣವನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಮರದ ಕೆಳಗೆ ಕುರ್ಚಿ ಹಾಕುವಾಗ ಬೆಳಗಿನ ನೆರಳು ನೋಡಿ ಮೋಸಹೋಗಬೇಡಿ. ಕೆನೆವಿಕ್ ದಡದಲ್ಲಿ ನದಿಗೆ ಮುಖ ಮಾಡಿ ಕೂತರೆ ಎದುರಿಗೆ ಉತ್ತರ. ಬೆಳಗ್ಗೆ 10ಕ್ಕೆ ಮರದ ನೆರಳು ಎಡಕ್ಕೆ ಬಿದ್ದಿರುತ್ತದೆ. ಅಲ್ಲಿನ ಗಡಿಯಾರದಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ 1ಕ್ಕೆ. ಆಗ ನೆರಳು ಚಿಕ್ಕದಾಗಿ ನದಿಯ ಕಡೆಗೆ ತಿರುಗುತ್ತದೆ. 4ರ ಹೊತ್ತಿಗೆ ಉದ್ದವಾಗಿ ಬಲಕ್ಕೆ ಚಾಚುತ್ತದೆ. ಅಂದರೆ ಮರದ ನದಿ ಬದಿಗೆ, ತುಸು ಬಲಕ್ಕೆ ಕುರ್ಚಿ ಹಾಕಬೇಕು. ಬೆಳಗ್ಗೆ ಒಂದೆರಡು ಗಂಟೆ ಬಿಸಿಲು ತಾಗಿದರೂ, ಸುಡುವ ಹೊತ್ತಿನಲ್ಲಿ ನೆರಳು ತಾನಾಗಿ ನಿಮ್ಮ ಮೇಲೆ ಬರುತ್ತದೆ. ಪ್ಯಾಸ್ಕೊ ದಡದಲ್ಲಿ ಇದು ಉಲ್ಟಾ: ಮಧ್ಯಾಹ್ನದ ನೆರಳು ನದಿಗೆ ಬೆನ್ನು ಮಾಡಿ ಬೀಳುತ್ತದೆ, ಬೋಟು ನೋಡಬೇಕೆಂದರೆ ಮುಖಕ್ಕೆ ಬಿಸಿಲು. ಕೆನೆವಿಕ್ ಎಂದು ನಾವು ಒತ್ತಿ ಹೇಳುವುದು ಮುಖ್ಯವಾಗಿ ಇದಕ್ಕೇ.

ಊಟಕ್ಕೆ ಮೊಸರನ್ನ, ಪುಳಿಯೋಗರೆ, ಚಪಾತಿ ಚಟ್ನಿಪುಡಿ ಸಾಕು. ಮೊಸರನ್ನಕ್ಕೆ ಬಿಸಿ ಅನ್ನ ಹಿಸುಕಿ ಹಾಲನ್ನೇ ಹೆಚ್ಚು ಹಾಕಿ, ಆರಿದ ಮೇಲೆ ಎರಡು ಚಮಚ ಮೊಸರು ಕಲಸಿ ಕೂಲರ್‌ನಲ್ಲಿಡಿ. ಮಧ್ಯಾಹ್ನಕ್ಕೆ ಹುಳಿ ಬಂದಿರುವುದಿಲ್ಲ. ಪುಳಿಯೋಗರೆಗೆ ಗೊಜ್ಜನ್ನು ಮನೆಯಲ್ಲೇ ಮಾಡಿ ಬಾಟಲಿಯಲ್ಲಿ ಒಯ್ಯಿರಿ. ಹೋಟೆಲ್ ರೂಮಿನಲ್ಲಿ ಒಗ್ಗರಣೆ ಹಾಕಬೇಡಿ, ಸಾಸಿವೆ ಸಿಡಿದ ಹೊಗೆಗೇ ಅಲಾರಂ ಹೊಡೆದುಕೊಳ್ಳುತ್ತದೆ. ಕೂಲರ್‌ನಲ್ಲಿ ಆಹಾರ ಒಂದು ಪಾಲಾದರೆ ಐಸ್ ಎರಡು ಪಾಲು. ಪುಡಿ ಐಸ್‌ಗಿಂತ ದೊಡ್ಡ ಗಡ್ಡೆ ನಿಧಾನಕ್ಕೆ ಕರಗುತ್ತದೆ. ಕುಡಿಯುವ ನೀರಿಗೆ ಬೇರೆ ಕೂಲರ್ ಇಡಿ. ಮಕ್ಕಳು ಗಳಿಗೆಗೊಮ್ಮೆ ಮುಚ್ಚಳ ತೆಗೆಯುವುದು ಅದನ್ನೇ.

ಪ್ರಶ್ನೆ: ದಡದಲ್ಲಿ ಯಾವ ಕಡೆ ಕೂತರೆ ಚೆನ್ನಾಗಿ ಕಾಣುತ್ತದೆ? ಕ್ಯಾಮೆರಾ ತರುತ್ತೇನೆ. – ಪೋರ್ಟ್‌ಲ್ಯಾಂಡ್‌ನ ಓದುಗರು

ಉತ್ತರ: ಈ ಬೋಟುಗಳು ಯಾವಾಗಲೂ ಎಡಕ್ಕೇ ತಿರುಗುತ್ತವೆ. ನೀರನ್ನು ಕಚ್ಚಿ ಹಿಡಿಯುವ ಸ್ಕಿಡ್ ಫಿನ್ ಎಂಬ ಲೋಹದ ಹಲಗೆ ಇರುವುದೇ ಬೋಟಿನ ಎಡಮಗ್ಗುಲಲ್ಲಿ. ಹಾಗಾಗಿ ಯಾವ ದಡದಲ್ಲಿ ಕೂತರೂ ನಿಮ್ಮ ಹತ್ತಿರದ ನೇರ ದಾರಿಯಲ್ಲಿ ಬೋಟುಗಳು ಎಡದಿಂದ ಬಲಕ್ಕೆ ಓಡುತ್ತವೆ. ಆ ನೇರ ದಾರಿ ಮುಗಿದು ಬಲಗಡೆ ತಿರುವು ಶುರುವಾಗುವ ಜಾಗದ ಎದುರು ಕೂರಿ. ಗಂಟೆಗೆ 200 ಮೈಲಿ ಮುಟ್ಟುವ ವೇಗ, ಚಾಲಕ ಅದನ್ನು ಇಳಿಸಿ ಫಿನ್ ಊರಿ ಬೋಟನ್ನು ಹೊರಳಿಸುವುದು, ಒಳಗಿನ ಸಾಲು ಹಿಡಿದವರಿಗೂ ಹೊರಗಿನವರಿಗೂ ನಡೆಯುವ ಪೈಪೋಟಿ ಎಲ್ಲವೂ ಅಲ್ಲಿಂದ ಕಾಣುತ್ತವೆ. ಪೂರ್ತಿ ನಡುವಿನಲ್ಲಿ ಕೂತರೆ ಸೊಂಯ್ಯನೆ ಹಾದುಹೋದದ್ದಷ್ಟೇ ಲಾಭ.

ಪ್ರೊಪೆಲ್ಲರ್ ಅರ್ಧ ನೀರಿನಲ್ಲಿ, ಅರ್ಧ ಮೇಲೆ ತಿರುಗುವುದರಿಂದ ಹಿಂದೆ ಸುಮಾರು 60 ಅಡಿ ಎತ್ತರ, 300 ಅಡಿ ಉದ್ದದ ನೀರಿನ ಬಾಲ ಏಳುತ್ತದೆ. ರೂಸ್ಟರ್‌ಟೇಲ್, ಹುಂಜದ ಬಾಲ ಅನ್ನುವುದು ಇದಕ್ಕೇ. ಬಿಳಿ ನೀರಿಗೆ ಬೆಳಕು ಹೆಚ್ಚಾಗಿ ಚಿತ್ರದಲ್ಲಿ ಎಳೆಗಳೆಲ್ಲ ಅಳಿಸಿಹೋಗುತ್ತವೆ, ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಇಳಿಸಿಕೊಳ್ಳಿ. ಶಟರ್ 1/1000 ಸೆಕೆಂಡಿಗಿಂತ ನಿಧಾನ ಬೇಡ. ಲೆನ್ಸ್ 200ರಿಂದ 400 ಮಿ.ಮೀ. ಇರಲಿ. ಕೆನೆವಿಕ್‌ನಲ್ಲಿ ಮಧ್ಯಾಹ್ನ ಬೆಳಕು ನಿಮ್ಮ ಬೆನ್ನ ಹಿಂದಿನಿಂದ, ಸಂಜೆಯಾದಂತೆ ಎಡದಿಂದ ಬರುತ್ತದೆ. ಬೋಟಿನ ಬಣ್ಣ ಇದ್ದಂತೆಯೇ ಸಿಗುತ್ತದೆ. ಕ್ಯಾಮೆರಾ ಇಲ್ಲದವರಿಗೆ 8 ಪಟ್ಟಿನ ಬೈನಾಕ್ಯುಲರ್ ಇದ್ದರೆ ಆಚೆ ಬದಿಯ ಓಟವೂ ಸಿಗುತ್ತದೆ.

ಪ್ರಶ್ನೆ: ಬೋಟುಗಳನ್ನು ಸಜ್ಜುಮಾಡುವ ಪಿಟ್ ಜಾಗದೊಳಗೆ ಹೋಗುವ ಪಾಸಿಗೆ ಬೇರೆ ದುಡ್ಡು ಕೊಡಬೇಕು. ಎಂಜಿನ್ ಹುಚ್ಚಿನ 14 ವರ್ಷದ ಮಗನಿದ್ದಾನೆ. ತೆಗೆದುಕೊಳ್ಳಬೇಕೇ? – ಕರ್ಕ್‌ಲ್ಯಾಂಡ್‌ನ ಓದುಗರು

ಉತ್ತರ: ಬೇರೆ ಯಾವುದರಲ್ಲಿ ಉಳಿಸಿದರೂ ಇದನ್ನು ಬಿಡಬೇಡಿ. ಈ ಬೋಟುಗಳಲ್ಲಿರುವುದು ಚಿನೂಕ್ ಹೆಲಿಕಾಪ್ಟರಿನ ಲೈಕಮಿಂಗ್ ಟಿ55 ಟರ್ಬೈನ್, ಶಕ್ತಿ 3000 ಅಶ್ವಶಕ್ತಿಯ ಆಸುಪಾಸು. ನಮ್ಮ ವಾಯುಪಡೆ 2019ರಲ್ಲಿ ಸೇರಿಸಿಕೊಂಡ ಚಿನೂಕ್‌ಗಳಲ್ಲಿ ಇದೇ ಸಂತತಿಯ ಹೊಸ ಎಂಜಿನ್ ಇದೆ. ಚಾಲಕನ ತಲೆಯ ಮೇಲಿನ ಗಾಜಿನ ಗೂಡು ಬಂದದ್ದು ಎಫ್-16 ಯುದ್ಧವಿಮಾನದಿಂದ. ಬೋಟು ಮಗುಚಿದರೆ ಹೊರಬರಲು ಅಡಿಯಲ್ಲಿ ಬಾಗಿಲಿರುತ್ತದೆ, ಅದು ಎಲ್ಲಿದೆ ಎಂದು ಮಗನಿಗೆ ಹುಡುಕಲು ಹೇಳಿ. ಹೀಟ್‌ಗೆ ಅರ್ಧ ಗಂಟೆ ಮುಂಚೆ ಕ್ರೇನ್ ಹತ್ತಿರ ನಿಲ್ಲಿ, ಮೂರು ಟನ್ನಿಗೂ ಮೇಲಿನ ಬೋಟನ್ನು ಎತ್ತಿ ನೀರಿಗಿಳಿಸುವುದು ಕಾಣುತ್ತದೆ. ಜನ ಕಡಿಮೆ ಇರುವುದು ಶುಕ್ರವಾರ. ಮುಚ್ಚಿದ ಶೂ ಹಾಕಿಸಿ, ಕಿವಿಗೆ ಫೋಮ್ ಪ್ಲಗ್ ಕೊಡಿ. ಹಳೆಯ ವಿ-12 ಪಿಸ್ಟನ್ ಎಂಜಿನ್ನಿನ ಬೋಟುಗಳನ್ನು ಪ್ರದರ್ಶನಕ್ಕೆ ತಂದಿದ್ದರೆ ಆ ಸದ್ದು ಎದೆಗೇ ಬಡಿಯುತ್ತದೆ.

ಪ್ರಶ್ನೆ: ಅಷ್ಟು ದೂರ ಹೋಗಲಾಗದು. ಸಿಯಾಟಲ್‌ನಲ್ಲೇ ಆಗಸ್ಟ್‌ನಲ್ಲಿ ನಡೆಯುವ ಸೀಫೇರ್ ರೇಸ್ ನೋಡಿದರೆ ಸಾಲದೇ? – ಸಿಯಾಟಲ್‌ನ ಓದುಗರು

ಉತ್ತರ: ಸಾಕು. ಲೇಕ್ ವಾಷಿಂಗ್ಟನ್‌ನಲ್ಲಿ 1951ರಿಂದ ಇರುವ ರೇಸ್ ಅದು. ಕೋರ್ಸ್ 2 ಮೈಲಿ, ಬೋಟುಗಳು ಇವೇ. ರೂಮಿನ ಖರ್ಚಿಲ್ಲ. ಕಾರು ಮಾತ್ರ ತೆಗೆದುಕೊಂಡು ಹೋಗಬೇಡಿ. ಲೈಟ್ ರೈಲಿನಲ್ಲಿ ಕೊಲಂಬಿಯಾ ಸಿಟಿ ನಿಲ್ದಾಣಕ್ಕೆ ಹೋಗಿ ಜೆನೆಸಿ ಪಾರ್ಕ್ ಕಡೆಗೆ ನಡೆಯಿರಿ, ನೀರಿನ ಅಂಚಿಗೆ ಒಂದು ಮೈಲಿಗೂ ಮೇಲಾಗುತ್ತದೆ. ಅಲ್ಲಿ ಕೂರುವುದು ಸರೋವರದ ಪಶ್ಚಿಮ ದಡದಲ್ಲಿ, ಆದ್ದರಿಂದ ಬೆಳಗ್ಗೆ ಬಿಸಿಲು ಮುಖಕ್ಕೆ, ಮಧ್ಯಾಹ್ನದ ಮೇಲೆ ಬೆನ್ನಿಗೆ. ಟೋಪಿಯ ಜೊತೆಗೆ ಕುತ್ತಿಗೆಯ ಹಿಂಭಾಗ ಮುಚ್ಚುವಂಥ ಒಂದು ಹತ್ತಿಬಟ್ಟೆ ಇಟ್ಟುಕೊಳ್ಳಿ.