ಬುಲೆಟ್ ರೈಲಿಗೆ ಮೊದಲು ಲೂಪ್ ಲೈನು ಸರಿಯಾಗಲಿ

ದಾವಣಗೆರೆಯ ಓದುಗರೊಬ್ಬರ ಪತ್ರ: “ಬೆಂಗಳೂರು–ಹುಬ್ಬಳ್ಳಿ ಮಾರ್ಗ ಜೋಡಿಹಳಿಯಾಯಿತು, ವಿದ್ಯುತ್ತೂ ಬಂತು. ಆದರೂ ಎಕ್ಸ್‌ಪ್ರೆಸ್ ರೈಲುಗಳು ತೆವಳುವುದು ತಪ್ಪಿಲ್ಲ. ಹಳೇ ಹಳಿಗೆ ತೇಪೆ ಹಾಕುವುದು ಬಿಟ್ಟು ಬುಲೆಟ್ ರೈಲನ್ನೇ ಏಕೆ ತರಬಾರದು?”

ಸಂಪಾದಕರ ಉತ್ತರ:

ನಿಮ್ಮ ಬೇಸರ ನ್ಯಾಯವಾದದ್ದೇ. ಹೊಸ ಮಾರ್ಗಕ್ಕೂ ಅದರದೇ ಜಾಗವಿದೆ. ಹಳೆಯ ಕಿರಿದು ಹಳಿಯಲ್ಲಿ ರೈಲುಗಳು ಕಿಕ್ಕಿರಿದಾಗ ಜಪಾನ್ 1964ರಲ್ಲಿ ಟೋಕಿಯೊ–ಒಸಾಕಾ ನಡುವೆ ಬುಲೆಟ್ ರೈಲಿಗೆಂದು ಬೇರೆ ಹಳಿಯನ್ನೇ ಹಾಕಿತು. ನಿಮ್ಮೂರಿಗೂ ತುಮಕೂರು–ಚಿತ್ರದುರ್ಗದ ನೇರ ಮಾರ್ಗ ಬಂದರೆ ಅರಸೀಕೆರೆ, ಬೀರೂರಿನ ಸುತ್ತು ತಪ್ಪುತ್ತದೆ. ಆದರೆ ಅದು ಮಂಜೂರಾದದ್ದು 2011–12ರಲ್ಲಿ; ಭೂಸ್ವಾಧೀನದಲ್ಲೇ ವರ್ಷಗಳು ಕಳೆದವು. ತೇಪೆ ಎಂದು ನೀವು ಹಗುರವಾಗಿ ತಳ್ಳಿಹಾಕಿದ ಕೆಲಸದಲ್ಲೇ ನಿಮಿಷಗಳು ಅಡಗಿವೆ.

ಲೆಕ್ಕ ಹಾಕೋಣ. ಗಂಟೆಗೆ 110 ಕಿ.ಮೀ. ವೇಗದ ಹಳಿಯನ್ನು 130ಕ್ಕೆ ಏರಿಸಿದರೆ 30 ಕಿ.ಮೀ.ಗೆ ಉಳಿಯುವುದು ಸುಮಾರು ಎರಡೂವರೆ ನಿಮಿಷ. ಅದೇ 110ರ ಓಟದ ನಡುವೆ ಒಂದು ಹಳೇ ಸೇತುವೆಯ ಬಳಿ ಅರ್ಧ ಕಿ.ಮೀ. ಮಾತ್ರ 30ರ ಮಿತಿ ಇದೆ ಎನ್ನಿ. 22 ಬೋಗಿಯ ರೈಲೇ ಅರ್ಧ ಕಿ.ಮೀ. ಉದ್ದ, ಕೊನೆಯ ಬೋಗಿ ದಾಟುವವರೆಗೂ ವೇಗ ಹೆಚ್ಚಿಸುವಂತಿಲ್ಲ. ಬ್ರೇಕ್ ಹಾಕಿ, ದಾಟಿ, ಮತ್ತೆ ವೇಗಕ್ಕೆ ಬರುವಷ್ಟರಲ್ಲಿ ಅದೇ ಎರಡೂವರೆ ನಿಮಿಷ ಕೈಬಿಟ್ಟಿರುತ್ತದೆ.

ಲೂಪ್ ಲೈನೂ, ಅಂದರೆ ಬೇರೆ ರೈಲಿಗೆ ದಾರಿ ಬಿಡಲು ನಿಲ್ದಾಣದಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿಯೂ, ಹೀಗೆಯೇ. ಹಳಿ ಕವಲೊಡೆಯುವ ಜಾಗವೇ ಪಾಯಿಂಟ್; ನಮ್ಮಲ್ಲಿ ಸಾಮಾನ್ಯವಾದ 1:12 ಓರೆಯ ಪಾಯಿಂಟ್ ಮೇಲೆ ಲೂಪಿಗೆ ತಿರುಗುವ ರೈಲಿಗೆ 30ರ ಮಿತಿ. ಅದೇ ಜಾಗಕ್ಕೆ ದಪ್ಪ ಬೆನ್ನಿನ ಹೊಸ ಸ್ವಿಚ್ (ರೈಲನ್ನು ಪಕ್ಕದ ಹಳಿಗೆ ತಿರುಗಿಸುವ, ಅತ್ತಿತ್ತ ಸರಿಯುವ ಹಳಿತುಂಡು) ಹಾಕಿ, ಲೂಪಿನ ಹಳಿ, ಜಲ್ಲಿಯನ್ನೂ ಗಟ್ಟಿ ಮಾಡಿದರೆ 50ಕ್ಕೆ ಬಿಡಬಹುದು. ಪಾಯಿಂಟ್ ಮಾತ್ರ ಬದಲಿಸಿ ಲೂಪನ್ನು ಹಾಗೇ ಬಿಟ್ಟರೆ ದುಡ್ಡು ದಂಡ.

ತಿರುವುಗಳ ಕಷ್ಟ ಬೇರೆ. 875 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೊರಹಳಿ ಒಳಹಳಿಗಿಂತ 90 ಮಿ.ಮೀ. ಎತ್ತರವಿದ್ದರೆ ಸುಮಾರು 100ರಲ್ಲಿ ಹೋಗಬಹುದು. ಆ ಎತ್ತರವನ್ನು 140 ಮಿ.ಮೀ.ಗೆ ಏರಿಸಿದರೆ ವೇಗ ಗಂಟೆಗೆ ಇನ್ನೂ ಹದಿನೈದು ಕಿ.ಮೀ.ಯಷ್ಟು ಸಿಗುತ್ತದೆ. ಅದಕ್ಕಿಂತ ಏರಿಸಹೊರಟರೆ ಅದೇ ಹಳಿಯಲ್ಲಿ ನಿಧಾನವಾಗಿ ಬರುವ ಗೂಡ್ಸಿನ ಭಾರ ಒಳಹಳಿಗೆ ಬಿದ್ದು ಹಳಿ ಸವೆಯುತ್ತದೆ. ಆಗ ತಿರುವನ್ನೇ ಸಡಿಲಿಸಬೇಕು, ಅದಕ್ಕೆ ಕೆಲವು ಮೀಟರ್ ಜಾಗ ಬೇಕು. ಜಾಗದ ಪ್ರಶ್ನೆ ಸಣ್ಣದಲ್ಲ: ಮೈಸೂರು ಮಾರ್ಗದ ಜೋಡಿಹಳಿಗಾಗಿ 2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಇಡಿಯಾಗಿಯೇ ಸರಿಸಬೇಕಾಯಿತು.

ಹಳೇ ಹಳಿ ಎಂದು ಮೂಗು ಮುರಿಯಬೇಡಿ. ಎಂಜಿನಿಯರ್ ಬ್ರೂನೆಲ್ 19ನೇ ಶತಮಾನದಲ್ಲಿ ರೂಪಿಸಿದ ಲಂಡನ್–ಬ್ರಿಸ್ಟಲ್ ಮಾರ್ಗವನ್ನೇ ಹದಗೊಳಿಸಿ ಬ್ರಿಟಿಷರು 1976ರಲ್ಲಿ ಡೀಸೆಲ್ ರೈಲನ್ನು ಗಂಟೆಗೆ 200 ಕಿ.ಮೀ. ಓಡಿಸಿದರು.

ನಮ್ಮಲ್ಲಿ ಹೊಸ ರೈಲಿಗೆ ಹಸಿರು ನಿಶಾನೆ ತೋರಿಸಲು ಮಂತ್ರಿಗಳು ಸಾಲುಗಟ್ಟುತ್ತಾರೆ. ಮಣ್ಣು ತುಂಬಿದ ಜಲ್ಲಿಯನ್ನು ಜರಡಿ ಹಿಡಿಯುವ ಕೆಲಸಕ್ಕೆ ಯಾರೂ ಹಾರ ತರುವುದಿಲ್ಲ. ಜಲ್ಲಿ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ಹಳಿಯಡಿಯ ಅಡ್ಡಪಟ್ಟಿ (ಸ್ಲೀಪರ್) ಕುಣಿಯುತ್ತದೆ, ಹಳಿಯ ಮಟ್ಟ ತಪ್ಪುತ್ತದೆ, ವೇಗಮಿತಿ ಬೀಳುತ್ತದೆ. ಆಮೇಲೆ ವೇಳಾಪಟ್ಟಿಯಲ್ಲಿ ಕೊನೇ ನಿಲ್ದಾಣದ ಮುಂಚೆ ಹೆಚ್ಚುವರಿ ನಿಮಿಷ ಸೇರಿಸಿ ‘ಸಮಯಕ್ಕೆ ಸರಿಯಾಗಿ ಬಂತು’ ಎಂದು ಬರೆದುಕೊಳ್ಳುತ್ತಾರೆ. ಇದು ಪ್ರಯಾಣಿಕನಿಗೆ ಮಾಡುವ ಮೋಸ.

ನಿಮ್ಮಂಥ ಕಾಳಜಿಯುಳ್ಳವರು ಸಂಸದರಿಗೆ ಬರೆಯುವಾಗ ಹೊಸ ರೈಲು ಕೇಳಬೇಡಿ. ನಮ್ಮ ಮಾರ್ಗದಲ್ಲಿ ಶಾಶ್ವತ ವೇಗಮಿತಿ ಎಲ್ಲೆಲ್ಲಿದೆ, ಪ್ರತಿಯೊಂದಕ್ಕೂ ಕಾರಣವೇನು, ಯಾವಾಗ ತೆಗೆಯುತ್ತೀರಿ ಎಂದು ಕೇಳಿ. ಬಂದ ಉತ್ತರವನ್ನು ನಮಗೂ ಕಳಿಸಿ, ಪ್ರಕಟಿಸುತ್ತೇವೆ.